ಸೋಮನಾಥ ಶರ್ಮಾ ಹಿಂದೆ ಸರಿಯಬಹುದಿತ್ತಲ್ವಾ?

ಪ್ರಶ್ನೆ: ನಾನು ಹೈಸ್ಕೂಲ್ ಟೀಚರ್. ದೇಶದ ಮೊದಲ ಪರಮವೀರ ಚಕ್ರ ಪಡೆದ ಮೇಜರ್ ಸೋಮನಾಥ ಶರ್ಮಾ ಬಗ್ಗೆ ಕ್ಲಾಸಲ್ಲಿ ಹೇಳ್ತಿದ್ದಾಗ ಒಬ್ಬ ಹುಡುಗ ಎದ್ದು ನಿಂತು, "ಕೈ ಮುರಿದಿತ್ತು, ಶತ್ರುಗಳು ಏಳು ಪಟ್ಟು ಇದ್ರು, ವಾಪಸ್ ಬಂದಿದ್ರೆ ಬದುಕ್ತಿದ್ರಲ್ವಾ, ಇನ್ನೊಂದು ದಿನ ಹೋರಾಡಬಹುದಿತ್ತಲ್ವಾ" ಅಂತ ಕೇಳಿದ. ಸರಿಯಾದ ಉತ್ತರ ಹೊಳೀಲಿಲ್ಲ. ಇಂಥವರಿಗೆ ಭಯ ಅನ್ನೋದೇ ಇರಲ್ವಾ? ಆರ್ಡರ್ ಮೀರಿ ಸತ್ತರೂ ಪದಕ ಕೊಡ್ತಾರಾ? ಪರಮವೀರ ಚಕ್ರ ಸತ್ತವರಿಗೆ ಮಾತ್ರಾನಾ?

ಉತ್ತರ: ಮೊದಲಿಗೆ ಆ ಹುಡುಗನಿಗೆ ಶಭಾಷ್ ಹೇಳಿ. ಅವನು ಕೇಳಿದ್ದು ಯಾವುದೇ ಒಳ್ಳೆ ಕಮಾಂಡರ್ ತನ್ನನ್ನ ತಾನೇ ಕೇಳ್ಕೊಳ್ಳೋ ಪ್ರಶ್ನೆ, ಇಲ್ಲೇ ನಿಲ್ಲಬೇಕಾ ಹಿಂದೆ ಸರಿಯಬೇಕಾ ಅಂತ. ಇದಕ್ಕೆ ಉತ್ತರ ವೀರ, ಶೂರ, ಅಪ್ರತಿಮ ಅನ್ನೋ ಪದಗಳಲ್ಲಿ ಸಿಗಲ್ಲ, ಒಂದು ಮ್ಯಾಪು ಒಂದು ಕ್ಯಾಲೆಂಡರು ಮುಂದಿಟ್ಕೊಂಡ್ರೆ ಸಿಗತ್ತೆ. ಹಾಗಾಗಿ ಸ್ವಲ್ಪ ಹಿಂದಿನಿಂದ ಹೇಳ್ತೀನಿ.

1947ರ ಅಕ್ಟೋಬರ್ 22ಕ್ಕೆ ಪಾಕಿಸ್ತಾನದ ಕಡೆಯಿಂದ ಬುಡಕಟ್ಟು ಜನರ ಸಶಸ್ತ್ರ ಗುಂಪು, ಲಷ್ಕರ್ ಅಂತಾರಲ್ಲ, ಮುಜಫರಾಬಾದ್ ದಾರಿಯಾಗಿ ಕಾಶ್ಮೀರದ ಒಳಗೆ ನುಗ್ತು. ಎರಡು ದಿನದಲ್ಲಿ ಮಹೂರಾ ಪವರ್ ಹೌಸ್ ಅವರ ಕೈಗೆ ಹೋಯ್ತು, ಶ್ರೀನಗರ ಪೂರ್ತಿ ಕತ್ತಲಾಯ್ತು. ಆಮೇಲೆ ಬಾರಾಮುಲ್ಲಾ. ಅಲ್ಲಿ ಅವರು ಲೂಟಿಗೆ ನಿಂತುಬಿಟ್ರು, ಆ ಊರಿನ ಜನ ಅನುಭವಿಸಿದ್ದು ನೆನೆಸ್ಕೊಂಡ್ರೆ ಇವತ್ತಿಗೂ ಮೈ ನಡುಗತ್ತೆ, ಆದ್ರೆ ಯುದ್ಧದ ಲೆಕ್ಕದಲ್ಲಿ ನೋಡಿದ್ರೆ ಅಲ್ಲಿ ಅವರು ಕಳೆದ ದಿನಗಳಿಂದಾನೇ ಶ್ರೀನಗರಕ್ಕೆ ಉಸಿರಾಡೋಕೆ ಸ್ವಲ್ಪ ಟೈಮ್ ಸಿಕ್ಕಿದ್ದು. 26ಕ್ಕೆ ಮಹಾರಾಜ ಹರಿಸಿಂಗ್ ವಿಲೀನ ಪತ್ರಕ್ಕೆ ಸಹಿ ಹಾಕಿದ್ರು, 27ರ ಬೆಳಿಗ್ಗೆ ಡಕೋಟಾ ವಿಮಾನಗಳಲ್ಲಿ 1 ಸಿಖ್ ಬೆಟಾಲಿಯನ್ನಿನ ಸೈನಿಕರು ಬಂದಿಳಿದ್ರು. ಅವರ ಕಮಾಂಡರ್ ಲೆಫ್ಟಿನೆಂಟ್ ಕರ್ನಲ್ ದಿವಾನ್ ರಂಜಿತ್ ರಾಯ್, ಏರ್‌ಫೀಲ್ಡಲ್ಲಿ ಕಾಯ್ತಾ ಕೂರೋ ಬದಲು ಶತ್ರುವನ್ನ ದೂರದಲ್ಲೇ ತಡೀಬೇಕು ಅಂತ ಬಾರಾಮುಲ್ಲಾ ಕಡೆ ಹೋದ್ರು, ಬಂದಿಳಿದ ಬೆನ್ನಲ್ಲೇ ಪ್ರಾಣ ಕೊಟ್ರು. ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು.

ಈಗ ಮ್ಯಾಪ್ ನೋಡಿ. ಜಮ್ಮುವಿಂದ ಶ್ರೀನಗರಕ್ಕೆ ಇದ್ದ ರಸ್ತೆ ಬನಿಹಾಲ್ ಪಾಸ್ ಹತ್ತಿ ಇಳಿದು ಹೋಗತ್ತೆ, ಆ ಕಾಲದ ಆ ರಸ್ತೇಲಿ ದೊಡ್ಡ ಸೈನ್ಯ ಬೇಗ ಬರೋ ಮಾತೇ ಇಲ್ಲ, ಮೇಲಿಂದ ಚಳಿಗಾಲ ಬೇರೆ ಎದುರಿಗಿದೆ. ಹಾಗಾಗಿ ಸೈನಿಕ, ಗುಂಡು, ರೇಷನ್, ಔಷಧಿ ಎಲ್ಲಾ ಆಕಾಶದಿಂದಾನೇ ಬರ್ಬೇಕು, ಇಳಿಯೋಕೆ ಇದ್ದಿದ್ದು ಒಂದೇ ಒಂದು ಏರ್‌ಫೀಲ್ಡ್. ಅದು ಬಡ್ಗಾಮ್ ಕಡೆ ಇದೆ, ಈಗಲೂ ಶ್ರೀನಗರದ ವಿಮಾನ ನಿಲ್ದಾಣ ಇರೋದು ಬಡ್ಗಾಮ್ ಜಿಲ್ಲೆಯಲ್ಲೇ. ಆ ಏರ್‌ಫೀಲ್ಡ್ ಒಂದು ದಿನ ಶತ್ರು ಕೈಗೆ ಹೋದ್ರೂ ಸಾಕಿತ್ತು, ಒಳಗಿದ್ದ ಸೈನಿಕರಿಗೂ ಇಡೀ ಶ್ರೀನಗರದ ಜನಕ್ಕೂ ಹೊರಗಿನ ಸಂಪರ್ಕವೇ ಕಡಿದು ಹೋಗ್ತಿತ್ತು. ಬಾರಾಮುಲ್ಲಾದಲ್ಲಿ ಆಗಿದ್ದು ಶ್ರೀನಗರದಲ್ಲೂ ಆಗ್ತಿತ್ತು ಅನ್ನೋದು ಅಲ್ಲಿದ್ದ ಪ್ರತಿಯೊಬ್ಬ ಆಫೀಸರ್‌ಗೂ ಗೊತ್ತಿತ್ತು.

ಶರ್ಮಾ ಬಂದಿಳಿದಿದ್ದು ಅಕ್ಟೋಬರ್ 31ಕ್ಕೆ, 4 ಕುಮಾಂವ್ ಬೆಟಾಲಿಯನ್ನಿನ ಡಿ ಕಂಪನಿ ಕಮಾಂಡರ್ ಆಗಿ, ಕಂಪನಿ ಅಂದ್ರೆ ಬೆಟಾಲಿಯನ್ನಿನ ಒಳಗಿನ ಒಂದು ತುಕಡಿ. ವಯಸ್ಸು 24. ಹಾಕಿ ಆಡುವಾಗ ಎಡಗೈ ಮುರಿದು ಪ್ಲಾಸ್ಟರ್ ಹಾಕಿದ್ರು, ರೆಸ್ಟ್ ತಗೊಳ್ಳಿ ಅಂದ್ರೂ ಕೇಳದೆ ನನ್ನ ಕಂಪನಿ ಹೋಗೋ ಕಡೆ ನಾನೂ ಹೋಗ್ಬೇಕು ಅಂತ ಹಟ ಹಿಡಿದು ಬಂದ್ರು. ಇದನ್ನ ಸಿನಿಮಾ ಹೀರೋ ಹಟ ಅಂದ್ಕೋಬೇಡಿ. ಇವರು ಹೊಸಬರಲ್ಲ, ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅರಕಾನ್ ಕಡೆ ಜಪಾನೀಯರ ಎದುರು ಹೋರಾಡಿದ್ದೋರು. ಆಗ ಅವರ ಬೆಟಾಲಿಯನ್ ಕಮಾಂಡರ್ ಆಗಿದ್ದೋರು ನಮ್ಮ ಕೊಡಗಿನ ಕೆ.ಎಸ್. ತಿಮ್ಮಯ್ಯ, ಮುಂದೆ ಸೇನಾ ಮುಖ್ಯಸ್ಥರಾದ್ರಲ್ಲ ಅವರೇ, ಇದನ್ನ ಮಕ್ಕಳಿಗೆ ಖಂಡಿತ ಹೇಳಿ. ಯುದ್ಧ ಅಂದ್ರೆ ಏನು, ಗುಂಡು ಬಿದ್ದ ಮನುಷ್ಯ ಹೇಗೆ ಸಾಯ್ತಾನೆ ಅನ್ನೋದು ಕಣ್ಣಾರೆ ನೋಡಿ ಗೊತ್ತಿದ್ದೂ ಬಂದೋರು ಇವರು. ನನ್ನ ಪ್ರಕಾರ ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ನವೆಂಬರ್ 3ರ ಬೆಳಿಗ್ಗೆ ಬಡ್ಗಾಮ್ ಕಡೆ ಪೆಟ್ರೋಲಿಂಗ್‌ಗೆ ಕಳಿಸಿದ್ರು, ಗುಲ್ಮಾರ್ಗ್ ಕಡೆಯಿಂದ ಶತ್ರು ಬರ್ತಿದ್ದಾನಾ ಅಂತ ನೋಡೋಕೆ. ಮಧ್ಯಾಹ್ನದ ತನಕ ಏನೂ ಕಾಣ್ಲಿಲ್ಲ. ಜೊತೆಗೆ ಹೋಗಿದ್ದ ಬೇರೆ ಕಂಪನಿಗಳು ವಾಪಸ್ಸಾದ್ವು, ಶರ್ಮಾ ಕಂಪನಿ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇರ್ಬೇಕು ಅಂತ ಆರ್ಡರ್ ಇತ್ತು. ಮೊದಲು ಊರಿನ ಮನೆಗಳ ಕಡೆಯಿಂದ ಗುಂಡು ಬಂತು. ಒಳಗೆ ಹೆಂಗಸರು ಮಕ್ಕಳು ಇರ್ತಾರೆ ಅಂತ ಆ ಮನೆಗಳ ಮೇಲೆ ತಿರುಗಿ ಗುಂಡು ಹಾರಿಸಲಿಲ್ಲ. ಈ ಒಂದು ವಿಷಯ ಪಾಠದಲ್ಲಿ ಯಾರೂ ಹೇಳಲ್ಲ, ನನಗೆ ಮಾತ್ರ ಅವರ ಮೇಲಿನ ಗೌರವ ಜಾಸ್ತಿ ಆಗೋದೇ ಇದರಿಂದ. ಆಮೇಲೆ ದೊಡ್ಡ ಗುಂಪು ಬಂತು, ಪದಕದ ಸೈಟೇಶನ್ನಲ್ಲಿ, ಅಂದ್ರೆ ಪದಕ ಯಾಕೆ ಕೊಟ್ರು ಅಂತ ಬರೆದ ಅಧಿಕೃತ ವಿವರಣೇಲಿ, ಸುಮಾರು 500 ಜನ ಅಂತ ಇದೆ, ಮೂರು ದಿಕ್ಕಿನಿಂದ ಮುತ್ಕೊಂಡ್ರು.

ಆ ಕೆಲವು ಗಂಟೆಗಳಲ್ಲಿ ಈ ಮನುಷ್ಯ ಏನೇನು ಮಾಡಿದ್ರು ಅಂತ ಒಂದೊಂದಾಗಿ ನೋಡಿ. ಬಯಲಲ್ಲಿ, ಗುಂಡು ಹಾರ್ತಿರೋ ಕಡೆ, ಕಂಪನಿಯ ಒಂದು ಸೆಕ್ಷನ್ನಿಂದ, ಅಂದ್ರೆ ಸಣ್ಣ ಗುಂಪಿಂದ, ಇನ್ನೊಂದು ಸೆಕ್ಷನ್ನಿಗೆ ಓಡಾಡಿ ಎಲ್ಲಿ ಗುರಿ ಇಡ್ಬೇಕು ಅಂತ ಹೇಳಿಕೊಟ್ರು. ನಮ್ಮ ವಿಮಾನಗಳಿಗೆ ಶತ್ರು ಎಲ್ಲಿದ್ದಾನೆ ಅಂತ ಮೇಲಿಂದ ಗೊತ್ತಾಗಲ್ವಲ್ಲ, ಅದಕ್ಕೆ ಬಟ್ಟೆ ಪಟ್ಟಿಗಳನ್ನ ನೆಲದ ಮೇಲೆ ಹಾಸಿ ದಿಕ್ಕು ತೋರಿಸಿದ್ರು, ಅದೂ ಶತ್ರುವಿನ ಕಣ್ಣೆದುರಿಗೇ. ಲೈಟ್ ಮಷಿನ್ ಗನ್ ನಡೆಸ್ತಿದ್ದ ಹುಡುಗರು ಒಬ್ಬೊಬ್ಬರಾಗಿ ಬೀಳ್ತಾ ಇದ್ದಾಗ ಮ್ಯಾಗಜಿನ್‌ಗೆ ಗುಂಡು ತುಂಬಿ ಕೊಡೋರು ಸಾಲದೆ ಹೋದ್ರು, ಆಗ ಇವರೇ ಕೂತ್ಕೊಂಡು ಪ್ಲಾಸ್ಟರ್ ಹಾಕಿದ್ದ ಕೈ ಇಟ್ಕೊಂಡೇ ಗುಂಡು ತುಂಬಿ ತುಂಬಿ ಹಂಚೋಕೆ ಶುರು ಮಾಡಿದ್ರು. ಮೇಜರ್ ಮಾಡೋ ಕೆಲಸ ಅಲ್ಲ ಅದು, ಜವಾನ ಮಾಡೋ ಕೆಲಸ, ಆದ್ರೆ ಆ ಹೊತ್ತಿಗೆ ಕಂಪನಿಗೆ ಬೇಕಾಗಿದ್ದು ಅದೇ. ಬ್ರಿಗೇಡ್ ಹೆಡ್‌ಕ್ವಾರ್ಟರ್ಸಿಗೆ ಕೊನೇ ಮೆಸೇಜ್ ಕಳಿಸಿದ್ರು, ಶತ್ರು 50 ಗಜ ದೂರದಲ್ಲಿದ್ದಾನೆ, ನಮಗಿಂತ ತುಂಬಾ ಜನ ಇದ್ದಾರೆ, ಒಂದಿಂಚೂ ಹಿಂದೆ ಸರಿಯಲ್ಲ, ಕೊನೇ ಮನುಷ್ಯ ಕೊನೇ ಗುಂಡಿನ ತನಕ ಹೋರಾಡ್ತೀನಿ ಅಂತ. ಸ್ವಲ್ಪ ಹೊತ್ತಿಗೆ ಮಾರ್ಟರ್ ಶೆಲ್ ಒಂದು ಅವರ ಪಕ್ಕದಲ್ಲಿದ್ದ ಮದ್ದುಗುಂಡಿನ ಮೇಲೇ ಬಿತ್ತು. ಮೂರು ದಿನ ಆದ್ಮೇಲೆ ದೇಹ ಸಿಕ್ತು, ಗುರುತು ಹಿಡಿದಿದ್ದು ಪಿಸ್ತೂಲಿನ ಚರ್ಮದ ಚೀಲ ಮತ್ತೆ ಜೇಬಲ್ಲಿ ಇಟ್ಕೊಂಡಿದ್ದ ಭಗವದ್ಗೀತೆಯ ಹಾಳೆಗಳಿಂದ.

ಎಲ್ಲರೂ ಆ ಕೊನೇ ಮೆಸೇಜನ್ನ ಬಾಯಿಪಾಠ ಮಾಡಿಸ್ತಾರೆ, ಮಾಡಿಸಿ, ತಪ್ಪೇನಿಲ್ಲ. ಆದ್ರೆ ನಾನು ಮಕ್ಕಳಿಗೆ ಹೇಳೋದಾದ್ರೆ ಸೈಟೇಶನ್ನಿನ ಕೊನೇ ಭಾಗ ಹೇಳ್ತೀನಿ. ಅದರಲ್ಲಿ ಇರೋದು ಇಷ್ಟು: ಏಳಕ್ಕೆ ಒಬ್ಬರಂತೆ ಇದ್ದ ಈ ಕಂಪನಿ ಶತ್ರುವನ್ನ ಆರು ಗಂಟೆ ತಡೀತು, ಅದರಲ್ಲಿ ಒಂದು ಗಂಟೆ ಅವರು ಸತ್ತ ಮೇಲಿನದು, ಆ ಆರು ಗಂಟೇಲಿ ಹಿಂದೆ ಏರ್‌ಫೀಲ್ಡ್ ಹತ್ತಿರದ ಹುಮ್ಹಾಮಾದಲ್ಲಿ ನಮ್ಮ ಬೇರೆ ಪಡೆ ಬಂದು ಜಾಗ ಹಿಡಿಯೋಕೆ ಸಮಯ ಸಿಕ್ತು. ಅಂದ್ರೆ ಶತ್ರುವಿಗೂ ಏರ್‌ಫೀಲ್ಡಿಗೂ ನಡುವೆ ಆ ಹೊತ್ತಲ್ಲಿ ಇದ್ದಿದ್ದು ಈ ಒಂದು ಕಂಪನಿ. ಅವರು ಮೊದಲ ಗಂಟೇಲೇ ಎದ್ದು ಬಂದಿದ್ರೆ ಲಷ್ಕರ್ ಅವರ ಬೆನ್ನ ಹಿಂದೇನೇ ಖಾಲಿ ಬಿದ್ದಿದ್ದ ದಾರೀಲಿ ಏರ್‌ಫೀಲ್ಡ್ ತಲುಪ್ತಿತ್ತು. "ಇನ್ನೊಂದು ದಿನ ಹೋರಾಡಬಹುದಿತ್ತು" ಅಂತ ಹುಡುಗ ಹೇಳಿದ್ನಲ್ಲ, ಆ ಇನ್ನೊಂದು ದಿನ ಅನ್ನೋದೇ ಇರ್ತಿರಲಿಲ್ಲ, ಹೋರಾಡೋಕೆ ಬೇಕಾದ ಗುಂಡು, ಜನ, ವಿಮಾನ ಇಳಿಯೋ ಜಾಗ ಯಾವುದೂ ಉಳೀತಿರಲಿಲ್ಲ. ಈಗ ಕ್ಯಾಲೆಂಡರ್ ನೋಡಿ, ನಾಲ್ಕೇ ದಿನ ಆದ್ಮೇಲೆ ನವೆಂಬರ್ 7ಕ್ಕೆ ಶ್ರೀನಗರದ ಹೊರವಲಯದ ಶಾಲಟೆಂಗ್‌ನಲ್ಲಿ ನಮ್ಮ ಸೈನ್ಯ ಲಷ್ಕರನ್ನ ಮುರಿದು ಓಡಿಸ್ತು, 8ಕ್ಕೆ ಬಾರಾಮುಲ್ಲಾ ವಾಪಸ್ ಬಂತು. ಶಾಲಟೆಂಗ್ ಗೆಲ್ಲೋಕೆ ಬೇಕಾದ ಸೈನಿಕರು ಇಳಿಯೋ ತನಕ ಆ ಏರ್‌ಫೀಲ್ಡ್ ನಮ್ಮ ಕೈಲಿ ಇರ್ಬೇಕಿತ್ತು. ಇತ್ತು.

ಇನ್ನೊಂದು ಮಾತು, ಇದನ್ನ ಮಕ್ಕಳಿಗೆ ಮುಚ್ಚಿಡಬೇಡಿ. ಹಿಂದೆ ಸರಿಯೋದು ಹೇಡಿತನ ಅಲ್ಲ. ಸೈನ್ಯಕ್ಕೆ ಹಿಂದೆ ಸರಿಯೋದನ್ನೂ ಕಲಿಸ್ತಾರೆ, ಅದಕ್ಕೂ ಪ್ಲಾನ್ ಇರತ್ತೆ, ಶಿಸ್ತು ಇರತ್ತೆ, ಹಿಡಿದಿರೋ ಜಾಗಕ್ಕೆ ಬೆಲೆ ಇಲ್ಲದಿದ್ರೆ ಅದಕ್ಕೋಸ್ಕರ ಹುಡುಗರನ್ನ ಸಾಯಿಸೋ ಕಮಾಂಡರ್ ಒಳ್ಳೆ ಕಮಾಂಡರ್ ಅಲ್ಲ. ಬಡ್ಗಾಮಲ್ಲೂ ಶರ್ಮಾ ಸತ್ತು, ಸುತ್ತಲೂ ಮುತ್ತಿಗೆ ಬಿದ್ದ ಮೇಲೆ ಉಳಿದೋರು ಹಿಂದೆ ಸರಿದ್ರು, ಅವರನ್ನ ಯಾರೂ ಕೀಳಾಗಿ ನೋಡಿಲ್ಲ, ನೋಡ್ಬಾರ್ದು ಕೂಡ. ನಿಂತಿದ್ದು ಅಲ್ಲಿ ನಿಲ್ಲೋಕೆ ಕಾರಣ ಇತ್ತು ಅಂತ. ಮತ್ತೆ, ಒಬ್ಬ ಕಮಾಂಡರ್ ಒಂದಿಂಚೂ ಸರಿಯಲ್ಲ ಅಂದಾಗ ಅವನು ತನ್ನ ಜೀವ ಮಾತ್ರ ಅಲ್ಲ, ತನ್ನ ಜೊತೆ ಇರೋರ ಜೀವಾನೂ ಪಣಕ್ಕೆ ಇಡ್ತಾನೆ. ಅವತ್ತು ಶರ್ಮಾ ಜೊತೆ ಇನ್ನೂ 20ಕ್ಕೂ ಹೆಚ್ಚು ಜನ ಸತ್ರು, ಅವರ ಹೆಸರು ಯಾವ ಪಾಠದಲ್ಲೂ ಇಲ್ಲ, ಅವರಿಗೂ ಮನೆ ಇತ್ತು, ಕಾಯ್ತಿದ್ದ ತಾಯಂದಿರಿದ್ರು. ಇಂಥಾ ನಿರ್ಧಾರ ತಗೊಳ್ಳೋ ಹಕ್ಕು ಕಮಾಂಡರ್‌ಗೆ ಎಲ್ಲಿಂದ ಬರತ್ತೆ ಅಂತ ಕೇಳಿದ್ರೆ, ರ‍್ಯಾಂಕಿಂದ ಬರತ್ತೆ ಅಂತ ಪುಸ್ತಕ ಹೇಳತ್ತೆ, ನನಗನ್ಸೋದು ಆ ಬಯಲಲ್ಲಿ ತನ್ನ ಹುಡುಗರಿಗಿಂತ ಜಾಸ್ತಿ ತಾನು ಓಡಾಡಿದ್ರಿಂದ ಬಂತು ಅಂತ. ಶರ್ಮಾ ಸತ್ತ ಮೇಲೂ ಒಂದು ಗಂಟೆ ಆ ಹುಡುಗರು ಕದಲದೆ ನಿಂತ್ರಲ್ಲ, ಆರ್ಡರ್ ಕೊಡೋನು ಇಲ್ಲದೆ ಇರೋವಾಗ ಆರ್ಡರ್‌ಗೆ ಹೆದರಿ ಯಾರೂ ನಿಲ್ಲಲ್ಲ.

ಭಯದ ವಿಷಯ. ಭಯ ಇರತ್ತೆ, ಎಲ್ಲರಿಗೂ ಇರತ್ತೆ, ಗುಂಡಿನ ಸದ್ದಿಗೆ ಮೈ ತಗ್ಗೋದು ದೇಹದ ಸ್ವಭಾವ. ಸೈನ್ಯದ ಟ್ರೈನಿಂಗ್ ಭಯ ತೆಗೆಯಲ್ಲ, ಭಯ ಆದಾಗ ಕೈ ಏನು ಮಾಡ್ಬೇಕು ಅನ್ನೋದನ್ನ ಸಾವಿರ ಸಲ ಮಾಡಿಸಿ ಅಭ್ಯಾಸ ಮಾಡಿಸತ್ತೆ, ಈಜು ಬರೋನು ನೀರಿಗೆ ಬಿದ್ದಾಗ ಯೋಚನೆ ಮಾಡದೇನೇ ಕೈಕಾಲು ಬಡಿಯೋ ಹಾಗೆ. ಮ್ಯಾಗಜಿನ್ ತುಂಬೋದು, ಪಟ್ಟಿ ಹಾಸೋದು, ಮೆಸೇಜ್ ಕಳಿಸೋದು ಇವೆಲ್ಲಾ ಕೆಲಸಗಳು. ಇನ್ನೊಂದು ಇದೆ, ಪಕ್ಕದಲ್ಲಿರೋನು. ಅವನನ್ನ ಬಿಟ್ಟು ಹೋಗೋ ನಾಚಿಕೆ ಸಾವಿನ ಭಯಕ್ಕಿಂತ ದೊಡ್ಡದು ಅಂತ ಅನ್ಸೋ ಒಂದು ಘಳಿಗೆ ಬರತ್ತೆ, ಯುದ್ಧ ನೋಡಿದ ಸೈನಿಕರು ಯಾವ ದೇಶದೋರೇ ಆಗ್ಲಿ ಇದನ್ನ ಹೇಳ್ತಾರೆ. ಹಾಗಾಗಿ ಭಯ ಇಲ್ಲದ ವೀರ ಅಂತ ಮಕ್ಕಳಿಗೆ ಹೇಳ್ಬೇಡಿ ಪ್ಲೀಸ್, ಭಯ ಆಗೋ ಮಗು ನಾನು ಯಾವತ್ತೂ ಧೈರ್ಯವಂತ ಆಗಲ್ಲ ಅಂದ್ಕೊಂಡುಬಿಡತ್ತೆ.

ಆರ್ಡರ್ ಮೀರೋ ಪ್ರಶ್ನೆಗೆ ಬರ್ತೀನಿ, ನಿಮ್ಮ ತಲೇಲಿ ಇದ್ದಿದ್ದು ಬಹುಶಃ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್. 1971ರ ಡಿಸೆಂಬರ್ 16, ಢಾಕಾದಲ್ಲಿ ಪಾಕಿಸ್ತಾನ ಸೈನ್ಯ ಶರಣಾದ ದಿನಾನೇ, ಪಶ್ಚಿಮದಲ್ಲಿ ಬಸಂತರ್ ನದಿ ಹತ್ತಿರ ಟ್ಯಾಂಕ್ ಯುದ್ಧ ನಡೀತಿತ್ತು. ಖೇತ್ರಪಾಲ್‌ಗೆ 21 ವರ್ಷ, ಪೂನಾ ಹಾರ್ಸ್ ಅನ್ನೋ ಟ್ಯಾಂಕ್ ರೆಜಿಮೆಂಟ್ ಸೇರಿ ಆರೇ ತಿಂಗಳಾಗಿತ್ತು. ಟ್ಯಾಂಕಿಗೆ ಏಟು ಬಿದ್ದು ಬೆಂಕಿ ಹತ್ಕೊಂಡಾಗ ಬಿಟ್ಟು ಬಾ ಅಂತ ರೇಡಿಯೋದಲ್ಲಿ ಹೇಳಿದ್ರು, ಅವರು ನನ್ನ ಗನ್ ಇನ್ನೂ ಕೆಲಸ ಮಾಡ್ತಿದೆ, ಟ್ಯಾಂಕ್ ಬಿಡಲ್ಲ ಅಂದ್ರು. ಅದು ಆರ್ಡರ್ ಮೀರಿದ್ದೇ, ಸುಮ್ಮನೆ ಬಣ್ಣ ಹಚ್ಚೋದು ಬೇಡ. ಆದ್ರೆ ಬಿಟ್ಟು ಬಾ ಅಂದಿದ್ದು ಅವರ ಜೀವ ಉಳಿಸೋಕೆ. ಆ ಹೊತ್ತಿಗೆ ಜೊತೆಗಿದ್ದ ಎರಡು ಟ್ಯಾಂಕ್‌ಗಳಲ್ಲಿ ಒಂದರ ಗನ್ ಕೆಟ್ಟಿತ್ತು, ಇನ್ನೊಂದಕ್ಕೆ ಏಟು ಬಿದ್ದು ಅದರ ಆಫೀಸರ್ ಗಾಯಗೊಂಡಿದ್ರು, ಇವರೂ ಹೋದ್ರೆ ಆ ಕಡೆ ಶತ್ರು ಟ್ಯಾಂಕ್ ತಡೆಯೋಕೆ ಯಾರೂ ಇಲ್ಲ. ತನ್ನ ಜೀವ ಉಳಿಸ್ಕೊಳ್ಳೋ ಆರ್ಡರ್ ಮೀರೋದಕ್ಕೂ, ಬೇರೆಯವರ ಜೀವಕ್ಕೆ ಕುತ್ತು ತರೋ ಹಾಗೆ ಆರ್ಡರ್ ಮೀರೋದಕ್ಕೂ ಸೈನ್ಯ ತುಂಬಾ ವ್ಯತ್ಯಾಸ ಮಾಡತ್ತೆ. ಎರಡನೇದಕ್ಕೆ ಪದಕ ಸಿಗಲ್ಲ, ಕೋರ್ಟ್ ಮಾರ್ಷಲ್ ಸಿಗತ್ತೆ. 2001ರಲ್ಲಿ ಖೇತ್ರಪಾಲ್ ತಂದೆ, ಅವರೂ ಬ್ರಿಗೇಡಿಯರ್ ಆಗಿದ್ದೋರು, ತಾವು ಹುಟ್ಟಿದೂರು ನೋಡೋಕೆ ಪಾಕಿಸ್ತಾನಕ್ಕೆ ಹೋದಾಗ ಅವರನ್ನ ಮನೇಲಿ ಇಟ್ಕೊಂಡು ಸತ್ಕಾರ ಮಾಡಿದ ಪಾಕಿಸ್ತಾನದ ಬ್ರಿಗೇಡಿಯರ್ ನಾಸರ್, ನಿಮ್ಮ ಮಗ ಸತ್ತಿದ್ದು ನನ್ನ ಕೈಯಿಂದಾನೇ ಅಂತ ತಾವೇ ಬಾಯಿಬಿಟ್ಟು ಹೇಳಿದ್ರು. ಎದುರಿಗೆ ನಿಂತಿದ್ದೋನೇ ಮೂವತ್ತು ವರ್ಷ ಆದ್ಮೇಲೆ ಆ ಹುಡುಗನ ಧೈರ್ಯ ಹೊಗಳಿದ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನಗೆ ಗೊತ್ತಿಲ್ಲ.

ಪರಮವೀರ ಚಕ್ರ ಸತ್ತವರಿಗೆ ಮಾತ್ರ ಅನ್ನೋದು ತಪ್ಪು. ಇಲ್ಲಿ ತನಕ 21 ಜನಕ್ಕೆ ಬಂದಿದೆ, 14 ಮರಣೋತ್ತರ, 7 ಜನ ಬದುಕಿದ್ದಾಗಲೇ ಪಡೆದೋರು. ಆ ಏಳರಲ್ಲಿ ಮೇಜರ್ ಧನ್ ಸಿಂಗ್ ಥಾಪಾ ಕಥೆ ಬೇರೇನೇ, 1962ರಲ್ಲಿ ಪ್ಯಾಂಗಾಂಗ್ ಸರೋವರದ ಹತ್ತಿರ ಸಿರಿಜಾಪ್‌ನಲ್ಲಿ ಸತ್ತರು ಅಂತಾನೇ ಪದಕ ಘೋಷಣೆ ಆಗಿತ್ತು, ಆಮೇಲೆ ನೋಡಿದ್ರೆ ಚೀನಾದ ಸೆರೇಲಿ ಬದುಕಿದ್ರು, 1963ರಲ್ಲಿ ವಾಪಸ್ ಬಂದ್ರು.

ಆದ್ರೆ ನೀವು ಕನ್ನಡ ಮಕ್ಕಳಿಗೆ ಹೇಳಲೇಬೇಕಾಗಿರೋ ಹೆಸರು ರಾಮ ರಾಘೋಬಾ ರಾಣೆ. ಹುಟ್ಟಿದ್ದು ಕಾರವಾರದ ಹತ್ತಿರ ಚೆಂಡಿಯಾ ಅನ್ನೋ ಊರಲ್ಲಿ, 1918ರಲ್ಲಿ. ಬಾಂಬೆ ಸ್ಯಾಪರ್ಸ್, ಅಂದ್ರೆ ಸೈನ್ಯದ ಎಂಜಿನಿಯರ್ ದಳದ ಸೆಕೆಂಡ್ ಲೆಫ್ಟಿನೆಂಟ್. 1948ರ ಏಪ್ರಿಲಲ್ಲಿ ನೌಶೇರಾದಿಂದ ರಜೌರಿಗೆ ಟ್ಯಾಂಕ್‌ಗಳು ಹೋಗ್ಬೇಕಿತ್ತು, ರಜೌರಿ ಜನರ ಮೇಲೆ ಹತ್ಯಾಕಾಂಡ ನಡೆದಿತ್ತು, ಒಂದೊಂದು ದಿನ ತಡ ಆದ್ರೂ ಇನ್ನಷ್ಟು ಜನ ಸಾಯ್ತಿದ್ರು. ದಾರಿ ತುಂಬಾ ಮೈನ್‌ಗಳು, ಅಂದ್ರೆ ನೆಲದಲ್ಲಿ ಹುಗಿದಿಟ್ಟ ಬಾಂಬುಗಳು, ಅಡ್ಡ ಬೀಳಿಸಿದ್ದ ದೊಡ್ಡ ದೊಡ್ಡ ಪೈನ್ ಮರಗಳು, ಗುಡ್ಡದ ಮೇಲಿಂದ ಮಷಿನ್ ಗನ್. ಏಪ್ರಿಲ್ 8ಕ್ಕೆ ಕೆಲಸ ಶುರುವಾಗೋ ಮೊದಲೇ ಮಾರ್ಟರ್ ದಾಳಿ ಆಗಿ ಅವರ ಪಾರ್ಟಿಯ ಇಬ್ಬರು ಸತ್ರು, ಐದು ಜನಕ್ಕೆ ಗಾಯ, ಆ ಐದರಲ್ಲಿ ರಾಣೆ ಒಬ್ಬರು. ಗಾಯ ಕಟ್ಕೊಂಡು ಕೆಲಸಕ್ಕೆ ಇಳಿದೋರು 11ರ ರಾತ್ರಿ ತನಕ ಬಿಡಲಿಲ್ಲ. ಟ್ಯಾಂಕಿನ ಅಡಿಗೆ ಹೋಗಿ, ಎರಡು ಚೈನುಗಳ ನಡುವೆ ತೆವಳ್ತಾ, ಹಗ್ಗ ಎಳೆದು ಒಳಗಿರೋ ಡ್ರೈವರ್‌ಗೆ ನಿಲ್ಲು, ಹೋಗು ಅಂತ ಸನ್ನೆ ಕೊಡ್ತಾ, ಮೈನ್ ತಪ್ಪಿಸಿ ಟ್ಯಾಂಕ್ ಮುಂದೆ ತಂದ್ರು. ಡ್ರೈವರ್ ಒಂದು ಸಲ ಹಗ್ಗದ ಸನ್ನೆ ತಪ್ಪಾಗಿ ಅರ್ಥ ಮಾಡ್ಕೊಂಡಿದ್ರೆ ಚೈನ್ ಕೆಳಗೇ ಮುಗೀತಿತ್ತು ಅವರ ಕಥೆ. ಏಪ್ರಿಲ್ 12ಕ್ಕೆ ಸೈನ್ಯ ರಜೌರಿ ಸೇರ್ತು. ರಾಣೆ ಬದುಕಿದ್ರು, ಇನ್ನೂ ಇಪ್ಪತ್ತು ವರ್ಷ ಸರ್ವೀಸ್ ಮಾಡಿ 1968ರಲ್ಲಿ ಮೇಜರ್ ಆಗಿ ರಿಟೈರ್ ಆದ್ರು, 1994ರಲ್ಲಿ ತೀರ್ಕೊಂಡ್ರು. ಶತ್ರುಗಳನ್ನ ಕೊಂದಿದ್ದಕ್ಕೆ ಬಂದ ಪದಕ ಅಲ್ಲ ಇದು, ದಾರಿ ಬಿಡಿಸಿದ್ದಕ್ಕೆ ಬಂದಿದ್ದು. ತ್ಯಾಗ ಅಂದ್ರೆ ಸಾಯೋದು ಅಂತ ಅಂದ್ಕೊಂಡಿರೋ ಮಕ್ಕಳಿಗೆ ಇದನ್ನ ಶರ್ಮಾ ಪಕ್ಕದಲ್ಲೇ ಇಟ್ಟು ಹೇಳಿ, ನಾಲ್ಕು ದಿನ ಪ್ರತಿ ನಿಮಿಷಾನೂ ಜೀವ ಕೊಡೋಕೆ ರೆಡಿ ಇದ್ದು, ಕೊನೆಗೆ ಜೀವ ಉಳಿದ್ರೆ ಅದರ ತೂಕ ಒಂದು ಗುಲಗಂಜಿಯಷ್ಟೂ ಕಡಿಮೆ ಅಲ್ಲ.

ನೀವು ಕೇಳದೇ ಇರೋ ಒಂದು ವಿಷಯ ಸೇರಿಸ್ತೀನಿ, ಪದಕ ಬರೋಕೆ ಸಾಕ್ಷಿ ಬೇಕು. ನೋಡಿದೋರು ಹೇಳ್ಬೇಕು, ಯೂನಿಟ್ ಬರೆದು ಕಳಿಸಬೇಕು, ಅದು ಮೇಲೆ ಮೇಲೆ ಹೋಗಿ ಪರಿಶೀಲನೆ ಆಗ್ಬೇಕು. ನೋಡಿದೋರೆಲ್ಲಾ ಸತ್ರೆ? 1962ರ ನವೆಂಬರ್ 18ಕ್ಕೆ ಲಡಾಖಿನ ರೆಜಾಂಗ್ ಲಾದಲ್ಲಿ ಆಗಿದ್ದು ಅದೇ. ಮೇಜರ್ ಶೈತಾನ್ ಸಿಂಗ್ ನೇತೃತ್ವದ 13 ಕುಮಾಂವ್‌ನ ಒಂದು ಕಂಪನಿ, ಸುಮಾರು 120 ಜನ, ಮಧ್ಯೆ ಗುಡ್ಡ ಅಡ್ಡ ಇದ್ದಿದ್ರಿಂದ ನಮ್ಮ ಫಿರಂಗಿಗಳ ಸಹಾಯಾನೂ ಇಲ್ಲದೆ ಹೋರಾಡಿ ನೂರಕ್ಕೂ ಹೆಚ್ಚು ಜನ ಅಲ್ಲೇ ಸತ್ರು. ಬದುಕಿ ಬಂದ ಕೆಲವೇ ಜನ ಹೇಳಿದ್ದನ್ನ ಮೊದಮೊದಲು ನಂಬೋಕೇ ಕಷ್ಟ ಆಯ್ತು, ಇಷ್ಟು ಜನ ಒಬ್ಬರೂ ಕದಲದೆ ಹೇಗೆ ಸಾಯ್ತಾರೆ ಅಂತ. 1963ರ ಶುರುವಲ್ಲಿ ಕುರಿ ಕಾಯೋನೊಬ್ಬ ಆ ಕಡೆ ಹೋದಾಗ ದೇಹಗಳು ಕಂಡ್ವು, ಹಿಮದಲ್ಲಿ ಹೆಪ್ಪುಗಟ್ಟಿ, ತಮ್ಮ ತಮ್ಮ ಟ್ರೆಂಚಲ್ಲಿ, ಹಲವರ ಕೈಲಿ ಇನ್ನೂ ಆಯುಧ ಇತ್ತು. ಬದುಕಿ ಬಂದೋರು ಹೇಳಿದ್ದು ಅಕ್ಷರಶಃ ನಿಜ ಆಗಿತ್ತು. ನಮಗೆ ಗೊತ್ತಿರೋ 21 ಹೆಸರುಗಳ ಆಚೆ, ನೋಡಿದೋರು ಯಾರೂ ಉಳೀದೆ ಯಾವ ಕಾಗದಕ್ಕೂ ಬರದೆ ಹೋದ ಧೈರ್ಯ ಎಷ್ಟಿದೆಯೋ ಅಂತ ಇದನ್ನ ಓದಿದಾಗೆಲ್ಲಾ ನನಗನ್ಸತ್ತೆ.

ಕ್ಲಾಸಿಗೆ ಬೇಕಾದ್ರೆ ಶರ್ಮಾ, ರಾಣೆ ಇಬ್ಬರ ಸೈಟೇಶನ್‌ಗಳೂ ರಕ್ಷಣಾ ಸಚಿವಾಲಯದ ಶೌರ್ಯ ಪ್ರಶಸ್ತಿಗಳ ವೆಬ್‌ಸೈಟಲ್ಲಿ ಸಿಗತ್ತೆ, ಒಂದೊಂದು ಪುಟಾನೂ ಇರಲ್ಲ. ಅನುವಾದ ಮಾಡಿ ಓದಿಸಿ. ಬೋರ್ಡ್ ಮೇಲೆ ಬಾರಾಮುಲ್ಲಾ, ಗುಲ್ಮಾರ್ಗ್, ಬಡ್ಗಾಮ್, ಏರ್‌ಫೀಲ್ಡ್, ಶ್ರೀನಗರ ಇಷ್ಟು ಗುರುತು ಹಾಕಿ, ಪಕ್ಕದಲ್ಲಿ ಅಕ್ಟೋಬರ್ 22ರಿಂದ ನವೆಂಬರ್ 8ರ ತನಕ ತಾರೀಖು ಬರೀರಿ, ಕಂಪನಿಯನ್ನ ಎಲ್ಲಿ ನಿಲ್ಲಿಸ್ತೀರ, ಎಷ್ಟು ಹೊತ್ತು ನಿಲ್ಲಿಸ್ತೀರ ಅಂತ ಮಕ್ಕಳನ್ನೇ ಕೇಳಿ. ಟೂರ್ ಹಾಕೋ ಪ್ಲಾನ್ ಇದ್ರೆ ಕಾರವಾರದಲ್ಲಿ ರಾಣೆಯವರ ಪ್ರತಿಮೆ ಇದೆ, ತೋರಿಸ್ಕೊಂಡು ಬನ್ನಿ, ಆದ್ರೆ ಹೋಗೋ ಮೊದಲೇ ಆ ಹಗ್ಗದ ವಿಷಯ ಹೇಳಿರಿ, ಇಲ್ಲಾಂದ್ರೆ ಮಕ್ಕಳು ಫೋಟೋ ತೆಗೆಸ್ಕೊಂಡು ಸೀದಾ ಬೀಚಿಗೆ ಓಡ್ತಾರೆ.